ಮತ್ತೆ ಮತ್ತೆ ಏಳುವ ಬಾಯಿ ಹುಣ್ಣು: ಕ್ಯಾಪ್ಸೂಲಿಗಿಂತ ಮೊದಲು ನಾನು ನೋಡುವುದು

ದಂತವೈದ್ಯೆಯಾದ ನನ್ನ ಬಳಿ ಬಾಯಿ ಹುಣ್ಣೆಂದು ಬರುವವರಲ್ಲಿ ಹೆಚ್ಚಿನವರು ಅದಾಗಲೇ ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿರುತ್ತಾರೆ. ಈಚೆಗೆ ಜೀವಕೋಶ ಕೆಡಿಸುವ ಚುರುಕು ಅಣುಗಳನ್ನು ತಡೆಯುತ್ತದೆನ್ನುವ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲಿನ ಪಟ್ಟಿಯನ್ನೂ ತೋರಿಸುತ್ತಾರೆ. ತಿಳಿಸಾರಿನ ಒಂದು ತುತ್ತಿಗೂ ಕಣ್ಣಲ್ಲಿ ನೀರು ಬರುವ ನೋವು ಅದು; ಅವರು ಸಿಕ್ಕಿದ್ದನ್ನೆಲ್ಲ ನುಂಗಿದರೆ ಆಶ್ಚರ್ಯವಿಲ್ಲ.

ಕ್ಯಾಪ್ಸೂಲಿನ ಹಿಂದಿನ ವಿಚಾರ ಸುಳ್ಳಲ್ಲ. ಉರಿಯೂತವಿರುವಲ್ಲಿ ಸೇರುವ ಬಿಳಿ ರಕ್ತಕಣಗಳು ಅಂಥದೇ ಅಣುಗಳಾದ ಫ್ರೀ ರ‍್ಯಾಡಿಕಲ್‌ಗಳನ್ನು ಹೊರಬಿಡುತ್ತವೆ. ಅವು ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸಿದಾಗ ಮ್ಯಾಲೋನ್‌ಡೈಆಲ್ಡಿಹೈಡ್ ಎಂಬ ವಸ್ತು ಹುಟ್ಟುತ್ತದೆ. ಪದೇ ಪದೇ ಹುಣ್ಣಾಗುವವರ ರಕ್ತದಲ್ಲಿ, ಜೊಲ್ಲಿನಲ್ಲಿ ಅದು ಹೆಚ್ಚಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಆದರೆ ಈ ಆಕ್ಸಿಡೇಟಿವ್ ಒತ್ತಡ (ಇಂಥ ಅಣುಗಳು ಮಿತಿಮೀರಿದ ಸ್ಥಿತಿ) ಹುಣ್ಣನ್ನು ತಂದಿತೋ, ಹುಣ್ಣೇ ಅದನ್ನು ತಂದಿತೋ ಎಂಬುದು ಅಷ್ಟರಿಂದ ತೀರ್ಮಾನವಾಗುವುದಿಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 160 ಜನ ಒಂದು ವರ್ಷ ಮಲ್ಟಿವಿಟಮಿನ್ ಇಲ್ಲವೇ ಔಷಧವಿಲ್ಲದ ಮಾತ್ರೆ ತೆಗೆದುಕೊಂಡರು. ಆ ಮಲ್ಟಿವಿಟಮಿನ್‌ನಲ್ಲಿ ಆಂಟಿಆಕ್ಸಿಡೆಂಟ್‌ಗಳಾದ ವಿಟಮಿನ್ ಸಿ, ಇ ಎರಡೂ ಇದ್ದವು. ಹುಣ್ಣು ಮಾತ್ರ ಕಡಿಮೆಯಾಗಲಿಲ್ಲ.

ಆದ್ದರಿಂದ ನಾನು ಮೊದಲು ರಕ್ತ ಪರೀಕ್ಷೆ ಬರೆಯುತ್ತೇನೆ: ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಫೋಲೇಟ್ (ಒಂದು ಬಿ ವಿಟಮಿನ್), ವಿಟಮಿನ್ ಬಿ12. ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವ ಸಕ್ಕರೆ ಕಾಯಿಲೆಯವರಲ್ಲಿ ಬಿ12 ಕುಸಿದಿರುವುದು ಸಾಮಾನ್ಯ. ಈ ಕೊರತೆಯಿಂದ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಕೂಡ ಅದೇ ಆಕ್ಸಿಡೇಟಿವ್ ಒತ್ತಡಕ್ಕೆ ಕುಮ್ಮಕ್ಕು ಕೊಡುತ್ತದೆ. 2009ರ ಇಸ್ರೇಲಿನ ಸಣ್ಣ ಪ್ರಯೋಗದಲ್ಲಿ ದಿನವೂ 1000 ಮೈಕ್ರೋಗ್ರಾಂ ಬಿ12 ಅನ್ನು ನಾಲಿಗೆಯಡಿ ಇಟ್ಟುಕೊಂಡವರಲ್ಲಿ ಶೇ. 74 ಮಂದಿಗೆ ಆರನೆಯ ತಿಂಗಳಲ್ಲಿ ಹುಣ್ಣೇ ಇರಲಿಲ್ಲ. ಔಷಧವಿಲ್ಲದ ಮಾತ್ರೆಯ ಗುಂಪಿನಲ್ಲಿ ಹಾಗಿದ್ದವರು ಶೇ. 32. ಎಲ್ಲಕ್ಕೂ ಒಂದೇ ಕ್ಯಾಪ್ಸೂಲ್ ಎನ್ನುವುದಕ್ಕಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ.

ಜೊತೆಗೆ ಕೆನ್ನೆಗೆ ತಾಗುವ ಚೂಪು ಹಲ್ಲನ್ನು ಉಜ್ಜಿ ನುಣುಪು ಮಾಡುತ್ತೇನೆ, ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಟೂತ್‌ಪೇಸ್ಟ್ ಬಳಸಿ ನೋಡಲು ಹೇಳುತ್ತೇನೆ. ಸ್ಟೀರಾಯ್ಡ್ ಮುಲಾಮು ಬರೆದರೆ ಹಚ್ಚುವ ಬಗೆಯನ್ನು ಕನ್ನಡಿ ಹಿಡಿದು ತೋರಿಸುತ್ತೇನೆ: ರಾತ್ರಿ ಮಲಗುವ ಮುನ್ನ ಹತ್ತಿಯಿಂದ ಜಾಗ ಒಣಗಿಸಬೇಕು, ಉಜ್ಜದೆ ಮೆಲ್ಲಗೆ ಒತ್ತಬೇಕು. ಹುಣ್ಣು ಏಳುವ ಮುನ್ನ ಜಾಗ ಜುಮುಜುಮು ಎನ್ನುವಾಗಲೇ ಹಚ್ಚಿದರೆ ಫಲ ಹೆಚ್ಚು.

ಸಾಮಾನ್ಯ ಹುಣ್ಣು ಒಂದೆರಡು ವಾರದಲ್ಲಿ ಮಾಯುತ್ತದೆ. ಕಣ್ಣಿನ ಉರಿಯೂತ ಅಥವಾ ಜನನಾಂಗದ ಹುಣ್ಣೂ ಇದ್ದರೆ ರಕ್ತನಾಳಗಳಲ್ಲಿ ಉರಿಯೂತ ತರುವ ಬೆಹ್ಚೆಟ್ ಕಾಯಿಲೆಯ ಅನುಮಾನದಿಂದ ತಜ್ಞರಿಗೆ ಕಳಿಸುತ್ತೇನೆ. ಮೂರು ವಾರ ದಾಟಿದರೂ ಮಾಯದ ಒಂಟಿ ಹುಣ್ಣಿಗೆ, ಅದರಲ್ಲೂ ಅಡಿಕೆ, ತಂಬಾಕು ಜಗಿಯುವವರಲ್ಲಿ, ಮುಲಾಮಿನ ಮಾತೇ ಇಲ್ಲ, ನೇರವಾಗಿ ಬಯಾಪ್ಸಿ, ಅಂದರೆ ಕ್ಯಾನ್ಸರ್ ಇದೆಯೇ ಎಂದು ತುಣುಕು ತೆಗೆದು ನೋಡುವ ಪರೀಕ್ಷೆ.