ಗರಿ ಆಮೇಲೆ, ಊರು ಮೊದಲು: ಅಸಾಸಿನ್ಸ್ ಕ್ರೀಡ್ 2 ಆಡಿದ ನನ್ನ ಅನುಭವ

ಅಸಾಸಿನ್ಸ್ ಕ್ರೀಡ್ 2 ಅನ್ನುವ ವಿಡಿಯೊ ಗೇಮ್ ಬಂದದ್ದು 2009ರ ನವೆಂಬರ್‌ನಲ್ಲಿ. ಆದರೂ ಯಾರಾದರೂ 'ಬಚ್ಚಿಟ್ಟುಕೊಂಡು ಆಡುವ ಆಟ ಶುರು ಮಾಡಬೇಕು, ಯಾವುದು ಒಳ್ಳೇದು' ಅಂತ ಕೇಳಿದರೆ ಇವತ್ತಿಗೂ ನಾನು ಮೊದಲು ಹೇಳುವುದು ಇದೇ ಹೆಸರು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಆಟ ಹೊರತಂದ ಕಂಪನಿ ಯೂಬಿಸಾಫ್ಟ್ ಇದನ್ನು ಪಿಸಿಗೆ ಕೆಲವು ದಿನ ಪುಕ್ಕಟೆ ಕೊಟ್ಟಿತ್ತು. ಆಗ ತೆಗೆದುಕೊಂಡು ಲೈಬ್ರರಿಯಲ್ಲಿ ಹಾಗೇ ಬಿಟ್ಟಿದ್ದರೆ ಈಗ ತೆರೆಯಿರಿ. ಹಳೆಯ ಆಟ, ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಲ್ಲ.

ಕಥೆ ಹದಿನೈದನೇ ಶತಮಾನದ ಇಟಲಿಯದ್ದು. 1476ರಲ್ಲಿ ಫ್ಲಾರೆನ್ಸ್‌ನಲ್ಲಿ ಎಟ್ಸಿಯೋ ಅನ್ನುವ ಹುಡುಗನ ತಂದೆಯನ್ನೂ ಇಬ್ಬರು ಸಹೋದರರನ್ನೂ ಗಲ್ಲಿಗೇರಿಸುತ್ತಾರೆ. ಅವನು ಅಮ್ಮ ಮತ್ತು ತಂಗಿಯನ್ನು ಕರೆದುಕೊಂಡು ದೊಡ್ಡಪ್ಪ ಮಾರಿಯೊನ ಊರಾದ ಮೊಂಟೆರಿಜಿಯೋನಿಗೆ ಓಡುತ್ತಾನೆ. ಇಷ್ಟು ಹೇಳಿದರೆ ಸಾಕು, ಉಳಿದದ್ದು ನೀವೇ ಆಡಿ ನೋಡಿ. ನಾನು ಇಲ್ಲಿ ಬರೆಯುವುದು ಕಥೆಯ ಬಗ್ಗೆ ಅಲ್ಲ. ಇದರಲ್ಲಿ ಕೂಡಿಸುವುದಕ್ಕೆ ವಿಪರೀತ ಸಾಮಾನು ಇದೆ: 100 ಗರಿ, 30 ಕೋಡೆಕ್ಸ್ (ಹಳೆಯ ಕೈಬರಹದ ಪುಸ್ತಕ) ಪುಟ, 330 ನಿಧಿ ಪೆಟ್ಟಿಗೆ, 20 ಗ್ಲಿಫ್ (ಒಗಟು ಅಡಗಿರುವ ಗುರುತು), 8 ಪುಟ್ಟ ಪ್ರತಿಮೆ, ಆರು ಗೋರಿ. ಜೊತೆಗೆ ಕೊಳ್ಳುವುದಕ್ಕೆ ಕತ್ತಿ, ಕವಚ, ಚೀಲ, ಬಣ್ಣ, ಚಿತ್ರಪಟ. ಹೊಸಬರಿಗೆ ತಲೆ ಕೆಡುವುದು ಇಲ್ಲೇ. ಯಾವುದರ ಹಿಂದೆ ಮೊದಲು ಹೋಗಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಅನ್ನುವುದನ್ನು ಆಟ ಸರಿಯಾಗಿ ಹೇಳುವುದಿಲ್ಲ.

ನಾನು ಹಿಡಿದ ಕ್ರಮ ತುಂಬಾ ಸರಳ. ಕೈಗೆ ಬಂದ ಮೊದಲ ದುಡ್ಡು ಊರಿಗೆ. ಕತ್ತಿಗೆ ಅಲ್ಲ, ಕವಚಕ್ಕೂ ಅಲ್ಲ.

ಮೊಂಟೆರಿಜಿಯೋನಿ ಪಾಳು ಬಿದ್ದ ಊರು. ಅಂದಹಾಗೆ ಇದು ನಿಜವಾದ ಊರೇ. ಸಿಯೆನಾ ಹತ್ತಿರ ಈಗಲೂ ಇದೆ, ಸುತ್ತ ಗೋಡೆ, ಗೋಡೆಗೆ 14 ಗೋಪುರ. ಆಟದಲ್ಲಿ ಮಾರಿಯೊನ ವಿಲ್ಲಾದೊಳಗೆ ಒಬ್ಬ ವಾಸ್ತುಶಿಲ್ಪಿ ನಿಂತಿರುತ್ತಾನೆ. ಅವನಿಗೆ ದುಡ್ಡು ಕೊಟ್ಟರೆ ಊರಿನ ಒಂದೊಂದೇ ಕಟ್ಟಡ ರಿಪೇರಿಯಾಗುತ್ತದೆ. ಪಕ್ಕದಲ್ಲೇ ತಂಗಿ ಕ್ಲೌಡಿಯಾ ಲೆಕ್ಕದ ಪುಸ್ತಕ ಇಟ್ಟುಕೊಂಡು ಕೂತಿರುತ್ತಾಳೆ. ಊರಿನ ಬೆಲೆ ಏರಿದಷ್ಟೂ ವರಮಾನ ಏರುತ್ತದೆ. ಆಡುವ ಸಮಯದ ಪ್ರತಿ 20 ನಿಮಿಷಕ್ಕೊಮ್ಮೆ ಆ ವರಮಾನ ಒಂದು ಪೆಟ್ಟಿಗೆಗೆ ಬಂದು ಬೀಳುತ್ತದೆ. ವಾಸ್ತುಶಿಲ್ಪಿಯ ಜೊತೆ ಮಾತಾಡುವ ಅವಕಾಶ ಸಿಕ್ಕ ಕೂಡಲೇ ಜೇಬು ಖಾಲಿಯಾಗುವ ತನಕ ಅವನಿಗೇ ಕೊಡಿ. ಫ್ಲಾರೆನ್ಸ್‌ನ ಕಮ್ಮಾರನ ಅಂಗಡಿಯಲ್ಲಿ ಹೊಳೆಯುವ ಕತ್ತಿ ನೋಡಿ ಮನಸ್ಸು ಜಾರುತ್ತದೆ, ಗೊತ್ತು. ಆದರೆ ಶುರುವಿನ ಹಂತದಲ್ಲಿ ಗುಪ್ತ ಬ್ಲೇಡ್ ಒಂದೇ ಸಾಕು. ಹಿಂದಿನಿಂದ ಹೋಗಿ ಚುಚ್ಚುವವನಿಗೆ ಕತ್ತಿ ಯಾಕೆ ಅಲ್ವಾ?

ಮೊದಲು ರಿಪೇರಿ ಮಾಡಿಸಬೇಕಾದದ್ದು ಅಂಗಡಿಗಳು. ಕಮ್ಮಾರ, ದರ್ಜಿ, ವೈದ್ಯ, ಚಿತ್ರ ಮಾರುವವನು. ಇವು ಮೇಲೇರಿದಂತೆ ನಿಮ್ಮ ಊರಿನಲ್ಲಿ ನಿಮಗೆ ರಿಯಾಯಿತಿ ಸಿಗುತ್ತದೆ. ಆಮೇಲೆ ದುಬಾರಿ ಸಾಮಾನನ್ನೆಲ್ಲ ಫ್ಲಾರೆನ್ಸ್ ಅಥವಾ ವೆನಿಸ್‌ನಲ್ಲಿ ಕೊಳ್ಳದೆ ಇಲ್ಲಿಗೇ ಬಂದು ಕೊಂಡರೆ ಉಳಿತಾಯ. ಪ್ರಯಾಣದ ಗಾಡಿಗೆ 100 ಫ್ಲೋರಿನ್ (ಆಟದ ನಾಣ್ಯ) ಹೋದರೂ ನಷ್ಟವಿಲ್ಲ. ಎರಡನೆಯದು ಬ್ಯಾಂಕ್. ವರಮಾನದ ಪೆಟ್ಟಿಗೆಗೆ ಒಂದು ಮಿತಿ ಇದೆ. ತುಂಬಿದ ಮೇಲೆ ಬಂದದ್ದು ಸುಮ್ನೆ ವ್ಯರ್ಥ. ಬ್ಯಾಂಕ್ ಬೆಳೆದಂತೆ ಆ ಮಿತಿ ಬೆಳೆಯುತ್ತದೆ. ಚರ್ಚು, ಗಣಿ, ಸೈನಿಕರ ಬ್ಯಾರಕ್ಕು ಇವೆಲ್ಲ ಮೂರನೆಯ ಸರದಿ.

ಕೆಲವರು ಆಟವನ್ನು ಚಾಲೂ ಇಟ್ಟು ಊಟಕ್ಕೆ ಎದ್ದು ಹೋಗುತ್ತಾರೆ, ವಾಪಸ್ ಬರುವಷ್ಟರಲ್ಲಿ ಪೆಟ್ಟಿಗೆ ತುಂಬಿರಲಿ ಅಂತ. ಬೇಕಾಗಿಯೇ ಇಲ್ಲ. ಒಂದೆರಡು ಮಿಷನ್ ಮುಗಿಸಿ ಊರಿಗೆ ಒಂದು ಸುತ್ತು ಬನ್ನಿ, ಪೆಟ್ಟಿಗೆ ಖಾಲಿ ಮಾಡಿ, ಇನ್ನೊಂದು ಕಟ್ಟಡಕ್ಕೆ ಹಾಕಿ, ಹೊರಡಿ. ಕಥೆ ವೆನಿಸ್ ತಲುಪಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ದುಡ್ಡಿನ ಯೋಚನೆಯೇ ಬಿಟ್ಟುಹೋಗುತ್ತದೆ. ಇದು ಆಟದ ಒಂದು ದೌರ್ಬಲ್ಯ ಅಂತಲೂ ನನಗೆ ಅನ್ನಿಸುತ್ತದೆ. ಕೊನೆಯ ಭಾಗದಲ್ಲಿ ದುಡ್ಡು ರಾಶಿ ಬೀಳುತ್ತದೆ, ಖರ್ಚು ಮಾಡಲು ಏನೂ ಇರುವುದಿಲ್ಲ.

ಊರಿನ ಬೆಲೆ ಏರುವುದು ಕಟ್ಟಡದಿಂದ ಮಾತ್ರ ಅಲ್ಲ. ಚಿತ್ರಪಟ ಕೊಂಡರೆ ವಿಲ್ಲಾದ ಗೋಡೆಗೆ ಬರುತ್ತದೆ, ಬೆಲೆ ಏರುತ್ತದೆ. ಆಯುಧ, ಕವಚ ಕೊಂಡರೂ ಹಾಗೇ. ಹೀಗಾಗಿ ಅಗ್ಗದ ಚಿತ್ರಪಟಗಳನ್ನು ಕಂಡಲ್ಲಿ ಕೊಳ್ಳಿ. ನೀವು ಯಾವತ್ತೂ ಕೈಯಲ್ಲಿ ಹಿಡಿಯದ ಚಾಕುವೂ ಗೋಡೆಯ ಮೇಲಿದ್ದು ಸಂಪಾದಿಸಿಕೊಡುತ್ತದೆ.

ಈಗ ಕೋಡೆಕ್ಸ್. ಕೂಡಿಸುವ ಎಲ್ಲದರಲ್ಲಿ ಇದೊಂದನ್ನು ಮಾತ್ರ ಮುಂದೂಡಬೇಡಿ. ಒಂದು ಕಾರಣ, ನಾಲ್ಕು ಪುಟ ಕೂಡಿಸಿ ಲಿಯೊನಾರ್ಡೊ ದ ವಿಂಚಿಯ ಹತ್ತಿರ ಓದಿಸಿದರೆ ಎಟ್ಸಿಯೋನ ಆರೋಗ್ಯಕ್ಕೆ ಒಂದು ಚೌಕ ಸೇರುತ್ತದೆ. ಕವಚ ಮುರಿಯುತ್ತದೆ, ಕಮ್ಮಾರನಿಗೆ ಮತ್ತೆ ಮತ್ತೆ ದುಡ್ಡು ಕೊಡಬೇಕು. ಕೋಡೆಕ್ಸ್‌ನಿಂದ ಬಂದ ಆರೋಗ್ಯ ಹಾಗಲ್ಲ, ಬಂದರೆ ಬಂದ ಹಾಗೆ. ಇನ್ನೊಂದು ಕಾರಣ ಹೊಸಬರಿಗೆ ಗೊತ್ತೇ ಇರುವುದಿಲ್ಲ. ರೋಮ್‌ನಲ್ಲಿ ನಡೆಯುವ ಕೊನೆಯ ಮಿಷನ್‌ಗೆ ಹೋಗಬೇಕಾದರೆ 30 ಪುಟವೂ ನಿಮ್ಮ ಹತ್ತಿರ ಇರಲೇಬೇಕು. ಕಥೆ ಬಿಸಿ ಏರಿರುವಾಗ 'ಹೋಗಿ ಉಳಿದ ಪುಟ ತಗೊಂಡು ಬಾ' ಅಂತ ಆಟ ನಿಲ್ಲಿಸಿಬಿಡುತ್ತದೆ. ಅಷ್ಟು ಹೊತ್ತಿಗೆ ಹತ್ತಿಪ್ಪತ್ತು ಪುಟ ಬಾಕಿ ಇದ್ದರೆ ಇಟಲಿಯನ್ನೇ ಮತ್ತೆ ಸುತ್ತಬೇಕು. ಅದಕ್ಕೇ ಹೊಸ ಊರಿಗೆ ಕಾಲಿಟ್ಟ ತಕ್ಷಣ ನಾನು ಎತ್ತರದ ಜಾಗಗಳನ್ನು ಹತ್ತಿ ನಕ್ಷೆ ತೆರೆಯುತ್ತೇನೆ. ಅದರಲ್ಲಿ ಕಾಣುವ ಕೋಡೆಕ್ಸ್ ಗುರುತುಗಳನ್ನು ಮುಗಿಸದೆ ಆ ಊರು ಬಿಡುವುದಿಲ್ಲ.

ಪುಟ ಇರುವ ಕೋಣೆಯ ಬಾಗಿಲಲ್ಲಿ ಕಾವಲುಗಾರರು ಗುಂಪಾಗಿ ನಿಂತಿರುತ್ತಾರೆ. ಹೊಡೆದಾಡಿದರೂ ಆಗುತ್ತದೆ. ಆದರೆ ಆಟದ ರುಚಿ ಇರುವುದು ಬೇರೆ ದಾರಿಯಲ್ಲಿ. 150 ಫ್ಲೋರಿನ್ ಕೊಟ್ಟರೆ ಬೀದಿಯಲ್ಲಿ ನಿಂತ ವೇಶ್ಯೆಯರ ಗುಂಪೋ ಕಳ್ಳರ ಗುಂಪೋ ನಿಮ್ಮ ಹಿಂದೆ ಬರುತ್ತದೆ. ಅವರನ್ನು ಕಾವಲುಗಾರರ ಮೇಲೆ ಬಿಡಿ. ಅವರು ಮಾತಿಗೋ ಓಟಕ್ಕೋ ಎಳೆದುಕೊಂಡು ಹೋಗುತ್ತಾರೆ. ನೀವು ಒಳಗೆ ಹೋಗಿ ಪುಟ ತೆಗೆದುಕೊಂಡು ಬನ್ನಿ. ಕಳ್ಳರಿಗಿಂತ ವೇಶ್ಯೆಯರ ಗುಂಪೇ ನನಗೆ ಜಾಸ್ತಿ ಇಷ್ಟ. ನಡುವೆ ನಡೆದುಕೊಂಡು ಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಳ್ಳರು ಛಾವಣಿ ಹತ್ತಬಲ್ಲರು, ಅದು ಅವರ ಹೆಚ್ಚುಗಾರಿಕೆ. ಕೂಲಿ ಸೈನಿಕರನ್ನು ಮಾತ್ರ ಗಲಾಟೆಯೇ ಬೇಕು ಅನ್ನುವಾಗ ಕರೆಯಿರಿ.

ಸುತ್ತಾಡಿ ಕೂಡಿಸುವವರು ಗಮನ ಇಡಬೇಕಾದ ಇನ್ನೊಂದು ವಿಷಯ ಕುಖ್ಯಾತಿ. ಮೇಲೆ ಮೂಲೆಯಲ್ಲಿ ಕಾಣುವ ಆ ಚಿಹ್ನೆ ಪೂರ್ತಿ ತುಂಬಿದರೆ ಕಾವಲುಗಾರರು ದೂರದಿಂದಲೇ ಗುರುತು ಹಿಡಿಯುತ್ತಾರೆ. ಆಗ ಛಾವಣಿ ಮೇಲೆ ನೆಮ್ಮದಿಯಿಂದ ಗರಿ ಹುಡುಕುವುದಕ್ಕೆ ಆಗುವುದಿಲ್ಲ. ಗೋಡೆಯ ಪೋಸ್ಟರ್ ಒಂದು ಹರಿದರೆ 25 ಶೇಕಡಾ ಇಳಿಯುತ್ತದೆ. ಬೀದಿಯಲ್ಲಿ ಕೂಗುವ ಸಾರುವವನಿಗೆ 500 ಫ್ಲೋರಿನ್ ಲಂಚ ಕೊಟ್ಟರೆ 50. ಭ್ರಷ್ಟ ಅಧಿಕಾರಿಯನ್ನು ಕೊಂದರೆ 75. ನಾನು ಯಾವಾಗಲೂ ಪೋಸ್ಟರ್ ದಾರಿ ಹಿಡಿಯುತ್ತೇನೆ. ಪುಕ್ಕಟೆ, ಮತ್ತು ಅದರ ನೆಪದಲ್ಲಿ ಗೋಡೆ ಹತ್ತುವಾಗ ಪಕ್ಕದಲ್ಲೇ ಒಂದು ಗರಿಯೋ ಪೆಟ್ಟಿಗೆಯೋ ಸಿಗುವುದುಂಟು.

ನಿಧಿ ಪೆಟ್ಟಿಗೆಗಳನ್ನು ಕಣ್ಣಿನಿಂದ ಹುಡುಕುತ್ತಾ ಕೂರಬೇಡಿ. ಚಿತ್ರ ಮಾರುವವನ ಹತ್ತಿರ ನಿಧಿ ನಕ್ಷೆ ಸಿಗುತ್ತದೆ. ಕೊಂಡರೆ ಆ ಪ್ರದೇಶದ ಪೆಟ್ಟಿಗೆಗಳೆಲ್ಲ ನಕ್ಷೆಯಲ್ಲಿ ಮೂಡುತ್ತವೆ. ಕಥೆಯ ಮಿಷನ್‌ಗೆ ಹೋಗುವ ದಾರಿಯಲ್ಲಿ ಒಂದೆರಡು ತೆರೆದುಕೊಂಡು ಹೋದರೆ ಸಾಕು. 330ನ್ನೂ ತೆರೆಯಬೇಕು ಅನ್ನುವುದು ಹಠಮಾರಿಗಳಿಗೆ ಮಾತ್ರ.

ಗರಿಯ ವಿಷಯ ಬೇರೆ. ಇದು ದುಡ್ಡಿಗಾಗಿ ಅಲ್ಲ, ಕಥೆಗಾಗಿ. ಗಲ್ಲಿಗೇರಿದ ಪುಟ್ಟ ತಮ್ಮ ಪೆಟ್ರೂಚೊ ಬದುಕಿದ್ದಾಗ ಗರಿ ಕೂಡಿಸುತ್ತಿದ್ದ. ಆ ಘಟನೆಯ ನಂತರ ಅಮ್ಮ ಮಾರಿಯಾ ಮಾತು ಬಿಟ್ಟಿದ್ದಾಳೆ. ವಿಲ್ಲಾದಲ್ಲಿ ಅವಳ ಕೋಣೆಯ ಪೆಟ್ಟಿಗೆಗೆ ಎಟ್ಸಿಯೋ ಗರಿ ತಂದು ಹಾಕುತ್ತಾನೆ. 50 ಆದಾಗ ಒಂದು ಯುದ್ಧ ಸುತ್ತಿಗೆ ಸಿಗುತ್ತದೆ. ನೂರೂ ಆದಾಗ ಅಮ್ಮ ಮತ್ತೆ ಮಾತಾಡುತ್ತಾಳೆ, ಮನೆತನದ ಮೇಲಂಗಿ ಕೊಡುತ್ತಾಳೆ. ಆ ಮೇಲಂಗಿಯ ತಮಾಷೆ ಕೇಳಿ: ಅದನ್ನು ಹಾಕಿಕೊಂಡರೆ ಎಲ್ಲ ಊರಲ್ಲೂ ಕುಖ್ಯಾತಿ ಪೂರ್ತಿ ತುಂಬಿಯೇ ಇರುತ್ತದೆ! ಬಚ್ಚಿಟ್ಟುಕೊಳ್ಳುವ ಆಟದಲ್ಲಿ ಇದು ಎಂಥ ಬಹುಮಾನ? ಆದ್ದರಿಂದ ಬಹುಮಾನಕ್ಕಾಗಿ ಗರಿ ಹುಡುಕಬೇಡಿ. ಅಮ್ಮನ ಆ ದೃಶ್ಯ ನೋಡುವ ಆಸೆ ಇದ್ದರೆ ಹುಡುಕಿ. ನಾನು ಅದಕ್ಕಾಗಿಯೇ ಹುಡುಕಿದೆ. ಫ್ಲಾರೆನ್ಸ್ ಆಳುವ ಲೊರೆಂಜೊ ಮೆಡಿಚಿಯ ಕಡೆಯಿಂದ ಬರುವ ಮೇಲಂಗಿ ಇದಕ್ಕಿಂತ ಎಷ್ಟೋ ವಾಸಿ. ಅದು ಮೈಮೇಲಿದ್ದರೆ ಫ್ಲಾರೆನ್ಸ್‌ನಲ್ಲಿ ಕುಖ್ಯಾತಿಯ ಕಾಟವೇ ಇಲ್ಲ. ಫ್ಲಾರೆನ್ಸ್‌ನಲ್ಲಿ ಬಾಕಿ ಇದ್ದ ಗರಿಗಳನ್ನು ನಾನು ಮುಗಿಸಿದ್ದು ಅದನ್ನು ಹಾಕಿಕೊಂಡೇ.

ಹುಡುಕುವುದಾದರೆ ಯಾವಾಗ? ವೆನಿಸ್ ತಲುಪಿ, ರೋಸಾ ಅನ್ನುವ ಕಳ್ಳಿ ಹತ್ತುವ ಹೊಸ ಜಿಗಿತ ಕಲಿಸಿದ ಮೇಲೆ. ಕೈಗೆ ಎಟುಕದ ಅಂಚನ್ನು ಮೇಲಕ್ಕೆ ಹಾರಿ ಹಿಡಿಯುವ ವಿದ್ಯೆ ಅದು. ಅದಿಲ್ಲದೆ ಕೆಲವು ಎತ್ತರಗಳು ನಿಮಗೆ ದಕ್ಕುವುದೇ ಇಲ್ಲ. ಫ್ಲಾರೆನ್ಸ್‌ನಲ್ಲಿ ಒಂದು ಗೋಪುರದ ಸುತ್ತ ಹತ್ತುವ ಜಾಗ ಸಿಗದೆ ಸುತ್ತುತ್ತಿದ್ದರೆ, ಬಿಟ್ಟು ಮುಂದೆ ನಡೆಯಿರಿ. ವೆನಿಸ್‌ನಿಂದ ಬಂದು ಹತ್ತಿದರಾಯಿತು.

ಗರಿ ಬಿಳಿಯಾಗಿ ಹೊಳೆಯುತ್ತದೆ. ನೆಲದಲ್ಲಿ ಸಿಗುವುದು ಕಡಿಮೆ. ಸೂರಿನ ಕೆಳಗೆ, ಗೋಡೆಯಿಂದ ಹೊರಚಾಚಿದ ತೊಲೆಯ ತುದಿಯಲ್ಲಿ, ಚರ್ಚಿನ ಹಿಂಬದಿಯಲ್ಲಿ ಇರುತ್ತದೆ. ಛಾವಣಿಯ ಮೇಲೆ ಓಡುವವನಿಗೆ ಸೂರಿನ ಕೆಳಗಿನದು ಕಾಣುವುದಿಲ್ಲ. ಹಾಗಾಗಿ ಒಂದು ಸಲ ಮೇಲಿನಿಂದ, ಒಂದು ಸಲ ಬೀದಿಯಿಂದ ತಲೆ ಎತ್ತಿ ನೋಡುತ್ತಾ, ಒಂದೊಂದೇ ಬಡಾವಣೆ ಮುಗಿಸಿ. ಯಾವ ಪ್ರದೇಶದಲ್ಲಿ ಎಷ್ಟು ಸಿಕ್ಕಿದೆ ಅನ್ನುವ ಲೆಕ್ಕ ಮೆನುವಿನಲ್ಲಿ ಇದೆ. ಅದನ್ನು ನೋಡದೆ ಹೊರಟರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ಇನ್ನು ಕವಚ. ಚರ್ಮದ್ದು, ಹೆಲ್ಮ್‌ಶ್ಮೀಡ್, ಲೋಹದ್ದು, ಮಿಸಾಲಿಯಾ ಅಂತ ಹಂತ ಹಂತವಾಗಿ ಬರುತ್ತದೆ. ಹೆಲ್ಮ್‌ಶ್ಮೀಡ್ ಆಗ್ಸ್‌ಬರ್ಗ್‌ನ, ಮಿಸಾಲಿಯಾ ಮಿಲಾನ್‌ನ ನಿಜವಾದ ಕವಚಗಾರ ಮನೆತನಗಳು. ಇಂಥ ಸಣ್ಣ ವಿವರಗಳಲ್ಲಿ ಈ ಆಟ ಖುಷಿ ಕೊಡುತ್ತದೆ. ನನ್ನ ಸಲಹೆ ಹೆಲ್ಮ್‌ಶ್ಮೀಡ್‌ಗೆ ನಿಲ್ಲಿಸಿ ಅಂತ. ಯಾಕೆಂದರೆ ಎಲ್ಲಕ್ಕಿಂತ ಒಳ್ಳೆಯ ಕವಚ ದುಡ್ಡಿಗೆ ಸಿಗುವುದಿಲ್ಲ. ವಿಲ್ಲಾದ ನೆಲಮಾಳಿಗೆಯಲ್ಲಿ, ಈ ಸರಣಿಯ ಮೊದಲ ಆಟದ ನಾಯಕ ಆಲ್ಟಾಯಿರ್‌ನ ಕವಚ ಬೀಗದೊಳಗೆ ಇದೆ. ಆರು ಗೋರಿಗಳಿಂದ ಆರು ಮುದ್ರೆ ತಂದರೆ ಬಾಗಿಲು ತೆರೆಯುತ್ತದೆ. ಆ ಕವಚ ಮುರಿಯುವುದೇ ಇಲ್ಲ, ರಿಪೇರಿ ಖರ್ಚೂ ಇಲ್ಲ.

ಆರರಲ್ಲಿ ಸಾಂತಾ ಮಾರಿಯಾ ನೊವೆಲ್ಲಾದ್ದು ಕಥೆಯ ಜೊತೆಗೇ ಬಂದುಬಿಡುತ್ತದೆ. ಉಳಿದ ಐದನ್ನು ನೀವಾಗಿ ಹೋಗಿ ಮಾಡಬೇಕು. ಫ್ಲಾರೆನ್ಸ್‌ನ ದೊಡ್ಡ ಚರ್ಚು, ಸಾನ್ ಜಿಮಿನ್ಯಾನೊದ ತೊರ್ರೆ ಗ್ರೊಸ್ಸಾ, ಫೊರ್ಲಿಯ ರಾವಾಲ್ದಿನೊ ಕೋಟೆ, ವೆನಿಸ್‌ನ ಸಾನ್ ಮಾರ್ಕೊ ಮತ್ತು ವಿಸಿತಾಝಿಯೊನೆ. ಕೆಲವದರಲ್ಲಿ ಕಾವಲುಗಾರರನ್ನು ಬೆನ್ನಟ್ಟಬೇಕು, ಕೆಲವದರಲ್ಲಿ ಗಡಿಯಾರದ ವಿರುದ್ಧ ಹಾರಬೇಕು. ಫ್ಲಾರೆನ್ಸ್‌ನ ದೊಡ್ಡ ಚರ್ಚಿನ ಒಳಗೆ ಹತ್ತುತ್ತಾ ಹೋಗುವುದು ಇಡೀ ಆಟದಲ್ಲಿ ನನಗೆ ಅತಿ ಇಷ್ಟವಾದ ಭಾಗ. ಕೆಳಗೆ ನೋಡಿದರೆ ಕಾಲು ಜುಮ್ ಅನ್ನುತ್ತದೆ. ಗೋರಿಯೊಳಗೆ ಪೆಟ್ಟಿಗೆಗಳೂ ಇರುತ್ತವೆ, ಬಿಡಬೇಡಿ.

ದುಡ್ಡು ಮಿಕ್ಕರೆ ದರ್ಜಿಯ ಹತ್ತಿರ ಚೀಲ ದೊಡ್ಡದು ಮಾಡಿಸಿ. ಔಷಧಿ ಜಾಸ್ತಿ ಹಿಡಿಯುತ್ತದೆ, ಎಸೆಯುವ ಚಾಕುವೂ ಜಾಸ್ತಿ ಹಿಡಿಯುತ್ತದೆ. ಛಾವಣಿಯ ಬಿಲ್ಲುಗಾರನನ್ನು ದೂರದಿಂದಲೇ ಒಂದು ಚಾಕುವಿನಲ್ಲಿ ಕೆಡವಬಹುದು. ಅವನು ಕೂಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಕತ್ತಿಗಿಂತ ಇದು ಎಷ್ಟೋ ಉಪಯೋಗ. ಬಟ್ಟೆಗೆ ಬಣ್ಣ ಹಾಕಿಸುವುದು ಬರೀ ಶೋಕಿ. ನಾನೂ ಹಾಕಿಸಿದ್ದೇನೆ.

ಗ್ಲಿಫ್‌ಗಳು ದೊಡ್ಡ ಕಟ್ಟಡಗಳ ಗೋಡೆಯ ಮೇಲೆ ಅಡಗಿವೆ, ಈಗಲ್ ವಿಷನ್ (ಅಡಗಿದ್ದನ್ನು ತೋರಿಸುವ ಎಟ್ಸಿಯೋನ ವಿಶೇಷ ದೃಷ್ಟಿ) ಹಾಕಿದರೆ ಮಾತ್ರ ಕಾಣುತ್ತವೆ. ಕಟ್ಟಡದ ಮಾಹಿತಿ ಪರದೆಗೆ ಬಂದಾಗ ಅದರಲ್ಲಿ ಕಣ್ಣಿನ ಗುರುತು ಇದ್ದರೆ ಅಲ್ಲೇ ಒಂದು ಇದೆ ಅಂತ ಅರ್ಥ. ಮೊದಲ ಆಟದ ಹಾಗೆ ಈಗಲ್ ವಿಷನ್‌ನಲ್ಲಿ ನಿಂತಲ್ಲೇ ನಿಲ್ಲಬೇಕಿಲ್ಲ, ನಡೆಯುತ್ತಾ ಸುತ್ತಬಹುದು. ಒಗಟುಗಳು ಮುಂದೆ ಮುಂದೆ ಕಷ್ಟವಾಗುತ್ತವೆ. ಬೇಸರ ಬಂದರೆ ಬಿಡಿ, ಎಟ್ಸಿಯೋನ ಶಕ್ತಿಗೂ ಅದಕ್ಕೂ ಸಂಬಂಧ ಇಲ್ಲ. ಎಂಟು ಪ್ರತಿಮೆಗಳು ಮೊಂಟೆರಿಜಿಯೋನಿಯಲ್ಲೇ ಇವೆ. ಊರಿಗೆ ಬಂದಾಗ ಒಂದೊಂದು ಹುಡುಕಿಕೊಂಡರೆ ಆಯಿತು.

2016ರ ಎಟ್ಸಿಯೋ ಕಲೆಕ್ಷನ್ (ಎಟ್ಸಿಯೋನ ಆಟಗಳನ್ನು ಒಟ್ಟಿಗೆ ಕೊಡುವ ಕಟ್ಟು) ಕೊಂಡಿದ್ದರೆ ಮೊದಲು ಬೇರೆಯಾಗಿ ಮಾರುತ್ತಿದ್ದ ಫೊರ್ಲಿ ಯುದ್ಧದ ಭಾಗ ಮತ್ತು 1497ರ ಫ್ಲಾರೆನ್ಸ್‌ನ ಭಾಗ ಎರಡೂ ಒಳಗೇ ಇರುತ್ತವೆ. ಎಟ್ಸಿಯೋನ ಶತ್ರು ಪಂಗಡವಾದ ಟೆಂಪ್ಲರ್‌ಗಳ ಮೂರು ಅಡಗುತಾಣಗಳೂ ಇರುತ್ತವೆ. ಆ ಮೂರರಿಂದ ಮುದ್ರೆ ಸಿಗುವುದಿಲ್ಲ, ದುಡ್ಡು ಮಾತ್ರ. ಹಾಗಾಗಿ ಊರು ಅರ್ಧ ಕಟ್ಟಿ ಜೇಬು ಖಾಲಿಯಾಗಿರುವಾಗ ಹೋಗಿ, ಅದಕ್ಕಿಂತ ತಡ ಮಾಡಿದರೆ ಆ ದುಡ್ಡಿಗೆ ಕೆಲಸವೇ ಇರುವುದಿಲ್ಲ.