ಸರ್ಜರಿಗೆ ಮೊದಲು ನಾನು ಜೊತೆಯವರನ್ನು ಹುಡುಕಿದ್ದು

ಮಂಗಳೂರಿನ ಆಸ್ಪತ್ರೆಯಲ್ಲಿ ತೂಕ ಇಳಿಸುವ ಸರ್ಜರಿ ಮಾಡಿಸುವುದೆಂದು ಗಟ್ಟಿ ಮಾಡಿದ ಮೇಲೆ ಪರೀಕ್ಷೆಗಳ ಸಾಲೇ ಶುರುವಾಯಿತು. ಎಂಡೋಸ್ಕೋಪಿ, ಲಿವರ್ ಸ್ಕ್ಯಾನಿಂಗ್, ಥೈರಾಯ್ಡ್, ಮೂರು ತಿಂಗಳ ಸಕ್ಕರೆ, ಬಿ12, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂದು ನೋಡುವ ಪರೀಕ್ಷೆ. ಇದಕ್ಕೆಲ್ಲ ನಾನು ತಯಾರಾಗಿದ್ದೆ. ಆದರೆ ಮನಃಶಾಸ್ತ್ರಜ್ಞೆ ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. "ಇದರಲ್ಲಿ ನಿಮ್ಮ ಜೊತೆ ಯಾರಿದ್ದಾರೆ?"

ಗಂಡ ಗಲ್ಫ್‌ನಲ್ಲಿ. ಕಾಸರಗೋಡು ಕಡೆಯ ಬದಿಯಡ್ಕದ ಮನೆಯಲ್ಲಿ ನಾನು, ಅತ್ತೆ, ಮಕ್ಕಳು. ಅತ್ತೆಗೆ ವಿಷಯ ಇನ್ನೂ ಹೇಳಿರಲಿಲ್ಲ.

ಆಕೆ ಈ ಪ್ರಶ್ನೆ ಕೇಳಿದ್ದು ಸುಮ್ನೆ ಅಲ್ಲ. ಸ್ಲೀವ್ ಎನ್ನುವ ಈ ಸರ್ಜರಿಯಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಜಾಸ್ತಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯ ಹಾಗೆ ಸಪೂರದ ಒಂದು ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನೂ ಕಡಿಮೆಯಾಗುತ್ತದೆ. ಆದರೆ ಬೇಸರವಾದಾಗ ಡಬ್ಬಿಗೆ ಕೈ ಹಾಕುವ ಅಭ್ಯಾಸವನ್ನು ಯಾವ ಸರ್ಜನ್ನೂ ಕತ್ತರಿಸಿ ತೆಗೆಯಲಾರ. ಅದಕ್ಕೆ ಮನುಷ್ಯರೇ ಬೇಕು.

ನಾನು ಮೊದಲು ಮಾಡಿದ ಕೆಲಸ ಡಯಟೀಷಿಯನ್ ಹತ್ತಿರ ಕೇಳಿದ್ದು. "ನಮ್ಮ ಕಡೆಯವರು ಯಾರಾದರೂ ಈ ಸರ್ಜರಿ ಮಾಡಿಸಿಕೊಂಡಿದ್ದರೆ ಮಾತಾಡಿಸುತ್ತೀರಾ?" ಅವರು ಒಬ್ಬರ ಒಪ್ಪಿಗೆ ಪಡೆದು ನಂಬರ್ ಕೊಟ್ಟರು. ಉಪ್ಪಳದವರು, ನನಗಿಂತ ದೊಡ್ಡವರು. ನಾನು ಅಕ್ಕ ಎಂದೇ ಕರೆದೆ. ಮುಂದಿನ ಸಲ ನಾನು ಕುಂಬಳೆಯಲ್ಲಿ ಮಂಗಳೂರಿನ ರೈಲು ಹತ್ತಿದೆ, ಅವರು ಉಪ್ಪಳದಲ್ಲಿ ಹತ್ತಿದರು. ಡಾಕ್ಟರ್ ಹತ್ತಿರ ಕೇಳಲು ನಾಚಿಕೆಯಾಗುವ ಪ್ರಶ್ನೆಗಳನ್ನೆಲ್ಲ ಆ ರೈಲಿನಲ್ಲೇ ಕೇಳಿ ಮುಗಿಸಿದೆ. ಕೂದಲು ಉದುರುತ್ತದಾ? ಹೌದು, ಕೆಲವು ತಿಂಗಳಾದ ಮೇಲೆ ತುಂಬಾ ಜನರಿಗೆ ಉದುರುತ್ತದೆ, ಪ್ರೋಟೀನ್ ಸರಿಯಾಗಿ ತಿಂದರೆ ಮತ್ತೆ ಬರುತ್ತದೆ. ಚರ್ಮ ಜೋತು ಬೀಳುತ್ತದಾ? ಬೀಳುತ್ತದೆ. ಅವರು ಯಾವುದನ್ನೂ ಮುಚ್ಚಿಡಲಿಲ್ಲ. "ಗಡಿಬಿಡಿಯಲ್ಲಿ ತಿಂದರೆ ಬೇರೆ ಯಾರೂ ಬೈಯುವುದು ಬೇಡ, ಹೊಟ್ಟೆಯೇ ಬೈಯುತ್ತದೆ" ಎಂದರು.

ಅವರಿಂದ ನನಗೆ ಸಿಕ್ಕ ದೊಡ್ಡ ಸಹಾಯ ಊಟದ ಪಟ್ಟಿಯದ್ದು. ಸರ್ಜರಿಗೆ ಮುಂಚೆ ಸುಮಾರು ಎರಡು ವಾರ ಕಡಿಮೆ ಕ್ಯಾಲೊರಿ, ಜಾಸ್ತಿ ಪ್ರೋಟೀನ್ ಇರುವ ಊಟ ಮಾಡಬೇಕು. ಕೊಬ್ಬು ತುಂಬಿ ದಪ್ಪಗಾದ ಲಿವರ್ ಜಠರದ ಮೇಲೆ ಮುಚ್ಚಿಕೊಂಡಿರುತ್ತದೆ. ಈ ಊಟದಿಂದ ಅದು ಚಿಕ್ಕದಾಗುತ್ತದೆ, ಸರ್ಜನ್‌ಗೆ ಒಳಗೆ ಜಾಗ ಸಿಗುತ್ತದೆ. ನನಗೆ ಕೊಟ್ಟ ಪಟ್ಟಿಯಲ್ಲಿ ಓಟ್ಸ್, ಬ್ರೊಕೊಲಿ, ಗ್ರಿಲ್ಡ್ ಚಿಕನ್ ಇತ್ತು. ಕುಚ್ಚಲಕ್ಕಿ ಗಂಜಿಯ ಮನೆಯಲ್ಲಿ ಇದೆಲ್ಲ ಎಷ್ಟು ದಿನ ನಡೆಯುತ್ತದೆ? ಅಕ್ಕ ನನ್ನ ಜೊತೆ ಕೂತು ಇಡೀ ಪಟ್ಟಿಯನ್ನು ನಮ್ಮ ಅಡುಗೆಗೆ ತಿರುಗಿಸಿದರು. ಚಿಕನ್ ಜಾಗಕ್ಕೆ ಎಣ್ಣೆಯಿಲ್ಲದೆ ಬೇಯಿಸಿದ ಬಂಗುಡೆ, ಬ್ರೊಕೊಲಿ ಬದಲು ಬಸಳೆ ಮತ್ತು ಅಲಸಂಡೆ, ಸಂಜೆಗೆ ಮೊಳಕೆ ಬಂದ ಹೆಸರುಕಾಳು, ನಡುವೆ ಬೆಣ್ಣೆ ತೆಗೆದ ಮಜ್ಜಿಗೆ. ತೆಂಗಿನಕಾಯಿ ಅರೆದು ಹಾಕುವುದು ಪೂರ್ತಿ ಬಂದ್. ನಮಗೆ ಇದೇ ಕಷ್ಟದ ಮಾತು, ಅಲ್ವಾ? ಹೊಸ ಪಟ್ಟಿಯನ್ನು ಡಯಟೀಷಿಯನ್ ನೋಡಿ ಅಳತೆ ಸರಿಮಾಡಿದ ಮೇಲೆಯೇ ನಾನು ಶುರು ಮಾಡಿದೆ. ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ಳುವವರು ಇದನ್ನು ಡಾಕ್ಟರಿಗೆ ಹೇಳದೆ ಮಾಡಲೇಬಾರದು. ಊಟ ಕಡಿಮೆಯಾಗಿ ಮಾತ್ರೆ ಹಾಗೇ ಇದ್ದರೆ ಸಕ್ಕರೆ ತೀರಾ ಕೆಳಗಿಳಿಯಬಹುದು.

ಆಮೇಲೆ ಅತ್ತೆ. "ಇರುವ ಹೊಟ್ಟೆಯನ್ನು ಯಾಕೆ ಕೊಯ್ಯಿಸಿಕೊಳ್ಳುತ್ತೀ?" ಎಂದು ಅತ್ತರು. ವಾದ ಮಾಡಲು ಹೋಗಲಿಲ್ಲ. ನನ್ನ ಪಾಲಿನ ಅಡುಗೆ ನೀವೇ ಮಾಡಬೇಕು, ಸರ್ಜರಿ ಆದ ಮೇಲೆ ಬೇಳೆಯ ತಿಳಿಯನ್ನೂ ನೀವೇ ಸೋಸಿ ಕೊಡಬೇಕು ಎಂದೆ. ಬಡಿಸುವುದರಲ್ಲೇ ಪ್ರೀತಿ ತೋರಿಸಿದ ಕೈ ಅದು. ಅವರಿಂದ ಆ ಕೆಲಸ ಕಿತ್ತುಕೊಳ್ಳದೆ ಅಳತೆಯನ್ನು ಮಾತ್ರ ಬದಲಿಸಿದೆ. ವಾರ ಕಳೆಯುವುದರೊಳಗೆ ಮಕ್ಕಳು ನನ್ನ ಮುಂದೆ ಹಲಸಿನ ಹಪ್ಪಳ ತಿಂದರೆ ಅತ್ತೆ ಗದರಿಸುವಷ್ಟು ನನ್ನ ಪರ ನಿಂತರು.

ಇದರಿಂದ ನಾನು ಕಂಡುಕೊಂಡದ್ದು ಇಷ್ಟು. "ಸಪೋರ್ಟ್ ಮಾಡಿ" ಎಂದರೆ ಜನರಿಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಇಂಥ ಕೆಲಸ ಮಾಡಿಕೊಡಿ ಎಂದರೆ ಖುಷಿಯಿಂದ ಮಾಡುತ್ತಾರೆ. ಕೇರಳದ ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯ ವಾರದ ಸಭೆಯಲ್ಲಿ ಧೈರ್ಯ ಮಾಡಿ ವಿಷಯ ಹೇಳಿದೆ. ಇದು ಸುಲಭದ ದಾರಿ ಎಂದವರೂ ಇದ್ದರು. ಅವರಿಗೆ ಉತ್ತರ ಕೊಡುತ್ತಾ ಕೂರಲಿಲ್ಲ. ಬೆಳಿಗ್ಗೆ ನನ್ನ ಜೊತೆ ನಡೆಯಲು ಯಾರು ಬರುತ್ತೀರಿ ಎಂದು ಕೇಳಿದೆ. ಇಬ್ಬರು ಬಂದರು. ಒಬ್ಬಳು ಮಲಯಾಳದಲ್ಲಿ ಮಾತಾಡುತ್ತಾಳೆ, ಇನ್ನೊಬ್ಬಳು ತುಳುವಿನಲ್ಲಿ, ನಾನು ಕನ್ನಡವೂ ಸೇರಿ ಮೂರನ್ನೂ ಬೆರೆಸುತ್ತೇನೆ. ಏರು ದಾರಿಯಲ್ಲಿ ನನಗೆ ಏದುಸಿರು ಬಂದರೆ ಇಬ್ಬರೂ ಏನೂ ಹೇಳದೆ ನಿಲ್ಲುತ್ತಿದ್ದರು.

ಕಾಗದಪತ್ರಕ್ಕೂ ಒಬ್ಬರು ಬೇಕು. ನಮ್ಮ ನೆರೆಯವರು ವಿಮೆಯ ಕೆಲಸದಿಂದ ನಿವೃತ್ತರಾದವರು. ವಿಮಾ ಪ್ರಾಧಿಕಾರದ 2019ರ ನಿಯಮವನ್ನು ಅವರೇ ಬಿಡಿಸಿ ಹೇಳಿದರು. ಆ ನಿಯಮದ ಪ್ರಕಾರ ಈ ಸರ್ಜರಿಗೆ ವಿಮೆ ಸಿಗಲು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 40 ಅಥವಾ ಅದಕ್ಕಿಂತ ಮೇಲಿರಬೇಕು. 35 ಅಥವಾ ಅದಕ್ಕಿಂತ ಮೇಲಿದ್ದರೆ ಹತೋಟಿಗೆ ಬಾರದ ಟೈಪ್ 2 ಡಯಾಬಿಟಿಸ್, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು), ಹೃದಯದ ಕಾಯಿಲೆ ಇಂಥದ್ದು ಯಾವುದಾದರೂ ಇರಬೇಕು. ಬೇರೆ ದಾರಿಗಳಲ್ಲಿ ತೂಕ ಇಳಿಯಲಿಲ್ಲ ಎನ್ನುವುದಕ್ಕೂ ದಾಖಲೆ ಬೇಕು. 158 ಸೆಂಟಿಮೀಟರ್ ಎತ್ತರದವರಿಗೆ 100 ಕಿಲೋ ಎಂದರೆ ಬಿಎಂಐ 40. ಹಳೆಯ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಫೈಲ್ ಮಾಡಿಕೊಟ್ಟದ್ದೂ ಅವರೇ.

ಸರ್ಜರಿ ಆದ ಮೇಲೆ ವಿಟಮಿನ್ ಮಾತ್ರೆ, ರಕ್ತ ಪರೀಕ್ಷೆ ಜೀವನಪೂರ್ತಿ ಇರುತ್ತದೆ. ಬಿ12, ಕಬ್ಬಿಣ, ವಿಟಮಿನ್ ಡಿ ಎಲ್ಲ ನೋಡಿಸುತ್ತಿರಬೇಕು. ಮೈ ಹಗುರಾದಂತೆ ಇದು ಮರೆತುಹೋಗುವುದು ಸುಲಭ. ಹಾಗಾಗಿ ಉಪ್ಪಳದ ಅಕ್ಕ ಮತ್ತು ನಾನು ಪರೀಕ್ಷೆಯ ದಿನವನ್ನು ಒಂದೇ ಮಾಡಿಕೊಂಡಿದ್ದೇವೆ. ಹಿಂದಿನ ರಾತ್ರಿ ಯಾರಾದರೂ ಒಬ್ಬರು ಫೋನ್ ಮಾಡಿ ನೆನಪಿಸುತ್ತೇವೆ.