ಇಫ್ಲಿಯ ಸೇಂಟ್ ಮೇರಿ ಚರ್ಚು: ಆಕ್ಸ್‌ಫರ್ಡಿಗೆ ಹೊಸದಾಗಿ ಬಂದವರಿಗೆ

ಆಕ್ಸ್‌ಫರ್ಡಿಗೆ ಬಂದ ಹೊಸತರಲ್ಲಿ ನಮ್ಮವರು ಥೇಮ್ಸ್ ನದಿಯ ದಂಡೆಗುಂಟ ಇಫ್ಲಿ ಎಂಬ ಹಳ್ಳಿಯವರೆಗೆ ನಡೆದುಹೋಗುತ್ತಾರಾದರೂ, ಅನ್ಯಧರ್ಮದ ಆರಾಧನಾ ಸ್ಥಳವೆಂಬ ಸಂಕೋಚದಿಂದ ಅಲ್ಲಿನ ಚರ್ಚನ್ನು ಹೊರಗಿನಿಂದಲೇ ನೋಡಿ ಹಿಂದಿರುಗುವವರೇ ಹೆಚ್ಚು. ಈ ಸಂಕೋಚ ಅನಗತ್ಯ. ಬಾಗಿಲು ತೆರೆದಿರುವಾಗ ಯಾರು ಬೇಕಾದರೂ ಒಳಗೆ ಹೋಗಬಹುದು. ಪಾದರಕ್ಷೆ ಕಳಚಬೇಕಾಗಿಲ್ಲ, ಗಂಡಸರು ಟೋಪಿ ತೆಗೆದರೆ ಸಾಕು.

ಸುಮಾರು 1160ರ ದಶಕದಲ್ಲಿ ಕಟ್ಟಲಾದ ಈ ಚರ್ಚು ಮೊದಲು ಪೋಪರ ಅಧೀನದಲ್ಲಿದ್ದು, 16ನೆಯ ಶತಮಾನದಲ್ಲಿ ದೊರೆ ಎಂಟನೆಯ ಹೆನ್ರಿ ರೋಮಿನೊಂದಿಗಿನ ಸಂಬಂಧ ಕಡಿದುಕೊಂಡ ಬಳಿಕ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಅಧಿಕೃತ ಪಂಥದ, ಚರ್ಚಾಯಿತು. ಪಶ್ಚಿಮ ಬಾಗಿಲಿನ ಎದುರು ನಿಧಾನವಾಗಿ ನಿಂತು ನೋಡಬೇಕು: ಕಮಾನಿನ ಸುತ್ತ ಅಂಕುಡೊಂಕು ರೇಖೆಗಳ ಕೆತ್ತನೆಯಿದೆ, ಅದರೊಡನೆ ಉದ್ದ ಕೊಕ್ಕಿನ ವಿಚಿತ್ರ ಮೋರೆಗಳು ಸಾಲುಗಟ್ಟಿವೆ. 13ನೆಯ ಶತಮಾನದಲ್ಲಿ ಅನೋರಾ ಎಂಬ ವಿಧವೆ ಚರ್ಚಿಗೆ ಹೊಂದಿಕೊಂಡ ಕೋಣೆಯಲ್ಲಿ ತನ್ನನ್ನು ತಾನೇ ಬಂಧಿಸಿಕೊಂಡು ಪ್ರಾರ್ಥನೆಯಲ್ಲೇ ಕಾಲ ಕಳೆದಳು. ಮಕ್ಕಳಿಗಂತೂ 1995ರಲ್ಲಿ ಕೂರಿಸಿದ, ಕಲಾವಿದ ಜಾನ್ ಪೈಪರ್ ವಿನ್ಯಾಸದ ಬಣ್ಣದ ಗಾಜಿನ ಕಿಟಕಿಯನ್ನು ತಪ್ಪದೆ ತೋರಿಸಿ. ಅದರಲ್ಲಿ ಕ್ರಿಸ್ತ ಹುಟ್ಟಿದನೆಂದು ಹುಂಜ ಲ್ಯಾಟಿನ್‌ನಲ್ಲಿ ಕೂಗಿದರೆ, ಯಾವಾಗ ಎಂದು ಹೆಬ್ಬಾತು ಕೇಳುತ್ತದೆ. ಈ ರಾತ್ರಿ ಎಂದು ಕಾಗೆ, ಎಲ್ಲಿ ಎಂದು ಗೂಬೆ, ಬೆತ್ಲೆಹೇಮಿನಲ್ಲಿ ಎಂದು ಕುರಿಮರಿ. ನನ್ನ ಮಟ್ಟಿಗೆ ಹಳೆಯ ಕೆತ್ತನೆಗಿಂತ ಇದೇ ಹೆಚ್ಚು ಪ್ರಿಯ.

ಭಾನುವಾರದ ಆರಾಧನೆಗೂ ಹೋಗಿ ಹಿಂದಿನ ಸಾಲಿನಲ್ಲಿ ಕೂರಬಹುದು. ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಹೊತ್ತಿನಲ್ಲಿ ಕ್ರೈಸ್ತರಲ್ಲದವರು ಎದ್ದು ಹೋಗಬೇಕಾಗಿಲ್ಲ, ಸುಮ್ಮನೆ ಕೂತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮ ಪ್ರಸಾದದಂತೆ ಭಾವಿಸಿ ಕೈಚಾಚುವುದು ಮಾತ್ರ ಸರಿಯಲ್ಲ.

ಇನ್ನು, ಇಂಗ್ಲೆಂಡಿನ ಅಧಿಕೃತ ಚರ್ಚಾದ್ದರಿಂದ ಖರ್ಚನ್ನೆಲ್ಲ ಸರ್ಕಾರವೇ ನೋಡಿಕೊಳ್ಳುತ್ತದೆಂದು ಹಲವರು ಎಣಿಸುತ್ತಾರೆ. ಅದು ತಪ್ಪು ಎಣಿಕೆ. ಇಂಥ ಊರಚರ್ಚುಗಳ ನಿತ್ಯದ ಖರ್ಚು, ರಿಪೇರಿ ಎಲ್ಲವೂ ಬಹುಮಟ್ಟಿಗೆ ಸ್ಥಳೀಯರ ಕಾಣಿಕೆಯಿಂದಲೇ ನಡೆಯಬೇಕು. ಆದುದರಿಂದ ಡಬ್ಬಿಗೆ ಒಂದೆರಡು ಪೌಂಡಾದರೂ ಹಾಕುವುದು ಒಳ್ಳೆಯದು.

ಅಂಗಳದ ಹಳೆಯ ಯೂ ಮರದ ಎಲೆ ಮತ್ತು ಬೀಜ ವಿಷವಾದುದರಿಂದ ಚಿಕ್ಕ ಮಕ್ಕಳ ಮೇಲೆ ಕಣ್ಣಿರಲಿ. ಪಶ್ಚಿಮದ ಕೆತ್ತನೆಗೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವುದರಿಂದ ಊಟ ಮುಗಿಸಿ ಬೇಗ ಹೊರಡಿ.